ಹನ್ನೆರಡನೆಯ ಕೈ

ಸಗರದ ಕೆಳಗಿನ ಓಣಿಯವರಿಗೆ ಕಾಲುವೆಗೆ ನೀರು ಬಿಟ್ಟದ್ದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತಿತ್ತು. ಗೇಟಿನ ಕಬ್ಬಿಣದ ತಿರುಪು ಕಿರ್ರೆಂದು ಒಂದು ಸುತ್ತು, ಸ್ವಲ್ಪ ತಡೆದು ಇನ್ನೊಂದು ಸುತ್ತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆಮೇಲೆ ನೀರು.

ಬೆಳಿಗ್ಗೆ ಆ ಸದ್ದು ಕೇಳಿದರೆ ಅಂಬ್ರಪ್ಪ ಚಹಾದ ಬಸಿಯನ್ನು ಕೆಳಗಿಟ್ಟು ಕಿವಿಗೊಡುತ್ತಿದ್ದ.

“ಮೂರನೇ ನಂಬರಿಂದು. ಬಣ್ಣದ ಒಳಗ ಜಂಗ ಹಿಡದದ.”

“ಗೇಟಿನ ನಾಡಿ ಹಿಡೀತೀರಿ,” ಎನ್ನುತ್ತಿದ್ದಳು ಹೆಂಡತಿ ಕರೆಮ್ಮ. “ಮನಿ ಬಾಗಲಾ ಎರಡು ವರ್ಷದಿಂದ ಒದರಾಕತ್ತದ. ಅದರ ನಾಡಿ ಯಾರು ಹಿಡೀಬೇಕ್ರಿ?”

ಅಂಬ್ರಪ್ಪ ಬಣ್ಣದ ಕೆಲಸದವನು. ಹದಿನೈದನೆಯ ವಯಸ್ಸಿಗೆ ಯಾದಗಿರಿಗೆ ಹೋಗಿ, ಸ್ಟೇಷನ್ ಹಿಂದಿನ ಲಾರಿ ಗ್ಯಾರೇಜೊಂದರಲ್ಲಿ ಒಂಬತ್ತು ವರ್ಷ ಇದ್ದ. ಮೊದಲ ಎರಡು ವರ್ಷ ಅವನ ಕೈಗೆ ಬ್ರಷ್ ಕೊಟ್ಟಿರಲಿಲ್ಲ. ನೀರು ಚಿಮುಕಿಸಿ ಮರಳುಕಾಗದದಿಂದ ತಗಡು ಉಜ್ಜುವುದಷ್ಟೇ ಕೆಲಸ. ಬೆರಳಿನ ಗೆರೆಗಳು ಆಗಲೇ ಸವೆದುಹೋದವು. ತಹಸೀಲು ಕಚೇರಿಯಲ್ಲಿ ಯಾವುದಕ್ಕಾದರೂ ಹೆಬ್ಬೆಟ್ಟು ಒತ್ತಿಸಿಕೊಂಡರೆ ಗೆರೆಯಿಲ್ಲದ ನಯವಾದ ಮಸಿಯ ಬೊಟ್ಟು ಮೂಡುತ್ತಿತ್ತು. ಹೆಸರು ಬರೆಯುವುದನ್ನು ಅವನು ಅಷ್ಟು ಹಚ್ಚಿಕೊಂಡದ್ದು ಅದಕ್ಕೇ ಇರಬೇಕು.

ನಾರಾಯಣಪುರದಿಂದ ಕಾಲುವೆ ಶಹಾಪುರದ ಕಡೆಗೆ ಬಂದ ವರ್ಷಗಳಲ್ಲಿ ಅವನೂ ಊರಿಗೆ ವಾಪಸಾದ. ಗೇಟುಗಳಿಗೆ ಕೆಂಪು ಹಚ್ಚಿದ, ಕಟ್ಟೆಗಳ ಮೇಲೆ ನಂಬರು ಬರೆದ. ಜೋಳದ ಹೊಲಗಳಿಗೆ ಭತ್ತ ಬಂತು, ಭತ್ತದ ಹಿಂದೆ ಟ್ರ್ಯಾಕ್ಟರುಗಳು ಬಂದವು, ಟ್ರ್ಯಾಕ್ಟರುಗಳ ಹಿಂದೆ ಬಣ್ಣ ಕಾಣದ ಹೊಸ ಟ್ರೇಲರುಗಳು. ಸುರಪುರದವರೆಗೂ ಅವನಿಗೆ ಕರೆ ಬರುತ್ತಿತ್ತು.

ಬಣ್ಣದವರು ಒಂದು ಸಲ ಹಚ್ಚಿದ್ದನ್ನು ಒಂದು ‘ಕೈ’ ಎನ್ನುತ್ತಾರೆ. ಗೋಡೆಗೆ ಎರಡು ಕೈ, ಟ್ರೇಲರಿಗೆ ಮೂರು ಕೈ. ಅಂಬ್ರಪ್ಪ ಕಲಿತ ಗ್ಯಾರೇಜಿನಲ್ಲಿ ಹೆಸರು ಬರೆಯುವುದನ್ನೂ ಒಂದು ಕೈ ಎಂದೇ ಎಣಿಸುತ್ತಿದ್ದರು. ಅದು ಕಡೆಯ ಕೈ. ಅದು ಬೀಳುವ ತನಕ ಕೆಲಸ ಮುಗಿಯಿತೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಸರ್ಕಾರದ ಗೇಟುಗಳ ಮೇಲೆ ಹೆಸರು ಬರೆಯುವಂತಿಲ್ಲ. ಅದನ್ನು ಅವನು ಒಪ್ಪಿಕೊಂಡಿದ್ದ. ಉಳಿದದ್ದೆಲ್ಲದರ ಮೇಲೆ, ಹಿಂದಿನ ಹಲಗೆಯ ಬಲಮೂಲೆಯಲ್ಲಿ, ಹಳದಿ ಬಣ್ಣದ ಸಣ್ಣ ಅಕ್ಷರದಲ್ಲಿ ಇರುತ್ತಿತ್ತು: ಅಂಬ್ರಪ್ಪ, ಸಗರ.

ಬನ್ನಿ ಹಬ್ಬ ಮುಗಿದ ವಾರ ಭಗವಂತರಾಯ ಹೇಳಿಕಳಿಸಿದ. ಕಾಲುವೆಯ ಗುತ್ತಿಗೆ ಹಿಡಿದು ಮೇಲೆ ಬಂದವನು, ಶಹಾಪುರ ರಸ್ತೆಯ ಹೊಲದಲ್ಲಿ ದೊಡ್ಡ ಗೋದಾಮು ಕಟ್ಟಿಸಿದ್ದ. ಭತ್ತದ ಚೀಲ ಸರಿಸಿ, ತಾಡಪತ್ರಿ ಎತ್ತಿ ತೋರಿಸಿದ. ಎರಡೇ ಸೀಟಿನ, ಮೇಲೆ ಚಾವಣಿಯಿಲ್ಲದ, ಉದ್ದ ಮೂಗಿನ ವಿಲಾಯತಿ ಕಾರು. ಅವನ ಅಪ್ಪ ಹೈದರಾಬಾದಿನ ಒಬ್ಬ ಜಹಗೀರದಾರರ ಮನೆಯಿಂದ ತಂದದ್ದು. ಊರವರು ಅದಕ್ಕೆ ‘ಬೋಳ ಕಾರು’ ಎಂದು ಹೆಸರಿಟ್ಟಿದ್ದರು. ಅಂಬ್ರಪ್ಪ ಸಣ್ಣವನಿದ್ದಾಗ ಅದರ ಹಿಂದೆ ಓಡಿದ್ದ. ಈಗ ಕಾಲುವೆಯ ಬಸಿನೀರು ಗೋದಾಮಿನ ನೆಲಕ್ಕೆ ಏರಿ, ಕಾರಿನ ತಳದ ತಗಡು ಹಪ್ಪಳದಂತೆ ಆಗಿತ್ತು.

“ಅಪ್ಪನ ನೆಪ್ಪು, ಅಂಬ್ರಪ್ಪಾ,” ಎಂದ ಭಗವಂತರಾಯ. “ಮಾರೂದಲ್ಲ, ಮೆರಿಯೂದಲ್ಲ. ಇದ್ದಂಗ ಆಗಬೇಕು, ಅಷ್ಟ.”

“ಇದ್ದಂಗ ಅಂದ್ರ ಹೊಸಾದಿದ್ದಂಗೇನ್ರಿ ಸಾವ್ಕಾರ್ರ?”

“ಹೊಸಾದು ಕಾಣಬಾರದು. ಅಪ್ಪ ಹೊಡೀತಿದ್ದಾಗ ಹೆಂಗಿತ್ತು, ಹಂಗ.”

ಈ ಮಾತು ಅಂಬ್ರಪ್ಪನ ಎದೆಗೆ ತಾಗಿತು. ಮಗ ಅಪ್ಪನ ಕಾರನ್ನು ಹೊಳೆಯಲೆಂದು ಕೇಳದೆ ನೆನಪಿನಂತೆ ಇರಲೆಂದು ಕೇಳುತ್ತಿದ್ದಾನೆ. ಆ ವರ್ಷ ಬಂದ ಬೇರೆ ಕೆಲಸಗಳನ್ನೆಲ್ಲ ಬಿಟ್ಟ.

ಎಂಜಿನ್ನಿಗೆ ಲಾಡ್ಲೇಸಾಬ ಬಂದ. ಯಾದಗಿರಿಯ ಅದೇ ಗ್ಯಾರೇಜಿನಲ್ಲಿ ಅಂಬ್ರಪ್ಪನ ಜೊತೆ ಒಂದೇ ತಾಟಿನಲ್ಲಿ ಉಂಡವನು. ಇಪ್ಪತ್ತು ವರ್ಷದ ಗೆಳೆಯ. ತಳದ ತಗಡು ಕತ್ತರಿಸಿ ಹೊಸದನ್ನು ಬೆಸೆದವನೂ ಅವನೇ.

ಮೂಲ ಬಣ್ಣ ಎಂಥದೆಂದು ತಿಳಿಯಲು ಅಂಬ್ರಪ್ಪನಿಗೆ ಹದಿನಾಲ್ಕು ದಿನ ಹಿಡಿಯಿತು. ಮೀಟರಿನ ಹಿಂದಿನ ಒಂದು ತಿರುಪನ್ನು ಬಿಚ್ಚಿದಾಗ, ಅದರ ತಲೆಯ ಕೆಳಗೆ ನಾಲ್ಕಾಣೆಯಷ್ಟಗಲ ಬಿಸಿಲು ಕಾಣದ ಹಸಿರು ಸಿಕ್ಕಿತು. ನೆರಳಿನಲ್ಲಿ ಕಪ್ಪು, ಬಿಸಿಲಿಗೆ ಹಿಡಿದರೆ ನಿಂತ ನೀರಿನ ತಳದ ಹಸಿರು. ತಗಡಿನ ತುಂಡುಗಳ ಮೇಲೆ ಬಣ್ಣ ಕಲಸಿ ಹಚ್ಚಿ, ಒಂದು ದಿನ ಒಣಗಿಸಿ, ಬೆಳಿಗ್ಗೆ ಹತ್ತು ಗಂಟೆಗೆ ಕಾಲುವೆಯ ಏರಿಯ ಮೇಲೆ ನಿಂತು ಹೋಲಿಸುತ್ತಿದ್ದ. ಮಧ್ಯಾಹ್ನದ ಬಿಸಿಲು ಸುಳ್ಳು ಹೇಳುತ್ತದೆ ಎನ್ನುತ್ತಿದ್ದ. ಮೂವತ್ತೊಂದನೆಯ ತುಂಡು ಹೊಂದಿತು.

ಗೋದಾಮಿನ ಸುತ್ತ ಒದ್ದೆ ಗೋಣಿಚೀಲ ತೂಗುಬಿಟ್ಟು, ಧೂಳು ಏಳದಂತೆ ನೆಲಕ್ಕೆ ನೀರು ಹೊಡೆದು, ಕರೆಂಟು ಇದ್ದಾಗಲೆಲ್ಲ ಬಣ್ಣ ಚಿಮ್ಮುವ ಗನ್ ಹಿಡಿದ. ಒಂದು ಕೈ ಬಿದ್ದು ಒಣಗಿದ ಮೇಲೆ ನೀರಿನಲ್ಲಿ ಉಜ್ಜಿ ಅದರ ಅರ್ಧವನ್ನು ತೆಗೆದು, ಮತ್ತೊಂದು ಕೈ. ಲಾಡ್ಲೇಸಾಬ ಪ್ರತಿ ಕೈಗೂ ಗೋದಾಮಿನ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೀಟು ಎಳೆಯುತ್ತಿದ್ದ.

“ನಮ್ಮ ಮಾವನ ಮನ್ಯಾಗ ಮದುಮಗಳಿಗೂ ಇಷ್ಟು ಅರಿಷಿಣ ಹಚ್ಚಿಲ್ಲೋ,” ಎನ್ನುತ್ತಿದ್ದ. “ಎಷ್ಟಾತು? ಒಂಬತ್ತು. ಸಾಕ ಮಾಡು, ಕಾರು ದಪ್ಪಾಗ್ತದ.”

ಹನ್ನೊಂದಕ್ಕೆ ನಿಲ್ಲಿಸಿದ.

ಆಮೇಲೆ ಭಗವಂತರಾಯ ಎರಡು ಮಾತು ಹೇಳಿದ. ಒಂದು, ಬಲಬಾಗಿಲ ಮೇಲಂಚಿನ ಬಗ್ಗೆ. ಅಪ್ಪ ಅಲ್ಲಿ ಮೊಣಕೈ ಊರಿ ಕಾರು ಹೊಡೆಯುತ್ತಿದ್ದರು; ಅಲ್ಲಿ ಬಣ್ಣ ಸವೆದು ಒಳಗಿನ ತಗಡು ಮಿನುಗುತ್ತಿತ್ತು; ಅದು ಮೊದಲಿನಂತೆಯೇ ಆಗಬೇಕು. ಅಂಬ್ರಪ್ಪ ಮರಳುಕಾಗದ ಹಚ್ಚಿ ನೋಡಿದ, ಗೀರು ಕಂಡಿತು. ಬೂದಿ ಹಚ್ಚಿದ ಬಟ್ಟೆಯಿಂದ ಉಜ್ಜಿದ. ಅದೂ ಸುಳ್ಳಾಗಿ ಕಂಡಿತು. ಕೊನೆಗೆ ತಾನೇ ಕಾರಿನಲ್ಲಿ ಕೂತು, ತೋಳು ಮಡಚಿ, ಅಂಚಿನ ಮೇಲೆ ಮೊಣಕೈ ಊರಿ ಮುಂದೆ ಹಿಂದೆ ಆಡಿಸಿದ. ದಿನಕ್ಕೆ ಆರು ತಾಸಿನಂತೆ ಹತ್ತೊಂಬತ್ತು ದಿನ. ಚರ್ಮ ಕಿತ್ತುಹೋಗಿ ಕಾಯಿಕಟ್ಟಿತು. ಸಂಜೆ ಕರೆಮ್ಮ ಎಣ್ಣೆ ಹಚ್ಚುತ್ತ, “ಮಂದಿ ಕಾರಿನ್ಯಾಗ ಕುಂತು ಊರೂರು ತಿರಗತಾರ. ನೀವು ಕುಂತಲ್ಲೇ ಮೊಣಕೈ ಕಳಕೊಂಡು ಬಂದ್ರಿ,” ಎಂದಳು.

ಇನ್ನೊಂದು ಮಾತು ಹೆಸರಿನದು. ಬಾಗಿಲ ಒಳಗಿನ ದಂಡೆಯಲ್ಲಿ, ತೆರೆದವರಿಗೆ ಮಾತ್ರ ಕಾಣುವಂತೆ ಬರೆಯುತ್ತೇನೆಂದು ಅಂಬ್ರಪ್ಪ ಹೇಳಿದ್ದ.

“ಬರೀಬೇಕು, ನೀ ಬರೀದ ಯಾರು ಬರೀಬೇಕು?” ಎಂದ ಭಗವಂತರಾಯ. “ಈಗ ಬ್ಯಾಡ. ಬಸವ ಜಯಂತಿಗೆ ಪೂಜಿ ಇಡತೀನಿ, ನಾಕು ಮಂದಿ ಇರತಾರ. ಎಲ್ಲಾರ ಮುಂದ ಬರಿ.”

ಆ ದಿನ ಅಂಬ್ರಪ್ಪ ಒಗೆದ ಅಂಗಿ ತೊಟ್ಟ. ಜೇಬಿನಲ್ಲಿ ಸಣ್ಣ ಬ್ರಷ್, ಕೈಯಲ್ಲಿ ಹಳದಿ ಬಣ್ಣದ ಪುಟ್ಟ ಡಬ್ಬಿ. ಗೋದಾಮಿನ ಒಳಗೋಡೆಗೆ ಹೊಸದಾಗಿ ಸುಣ್ಣ ಬಳಿದಿತ್ತು. ಪೂಜೆಗೆಂದು ಬಳಿಸಿದ್ದಾರೆ ಎಂದುಕೊಂಡು ಅವನಿಗೆ ಸಂತೋಷವೇ ಆಯಿತು. ಇದ್ದಿಲ ಗೀಟುಗಳು ಕಾಣಲಿಲ್ಲವೆಂಬುದು ಆಗ ಮನಸ್ಸಿಗೆ ಬರಲಿಲ್ಲ. ಕಾರಿನ ಮೇಲೆ ರಾತ್ರಿಯ ಧೂಳು ಕೂತಿತ್ತು. ಡಬ್ಬಿಯನ್ನು ಕೆಳಗಿಟ್ಟು, ಹೆಗಲ ಮೇಲಿನ ವಸ್ತ್ರದಿಂದ ಒರೆಸತೊಡಗಿದ.

ಪೂಜೆಗೆ ನಾಲ್ಕು ಮಂದಿ ಬರಲಿಲ್ಲ. ಹೈದರಾಬಾದಿನ ಒಬ್ಬ ಡಾಕ್ಟರು ಬಂದರು. ಹಳೆಯ ಕಾರುಗಳನ್ನು ಕೊಂಡು ಇಡುವವರು, ಗುರುಮಠಕಲ್ ಕಡೆಯ ಮನೆತನ. ಅವರ ಕನ್ನಡದಲ್ಲಿ ತೆಲುಗು ಎಳೆಯುತ್ತಿತ್ತು. ಕಾರನ್ನು ಮೂರು ಸಲ ಸುತ್ತಿದರು. ಬಾಗಿ ನೋಡಿದರು, ಉಗುರಿನಿಂದ ತಟ್ಟಿದರು.

“ನಾ ಹೊಸ ಬಣ್ಣದ ಗಾಡಿ ತಗೊಳ್ಳಲ್ಲ, ಮೊದಲೇ ಹೇಳಿದೀನಿ,” ಎಂದರು.

“ನೋಡ್ರಿ ನೀವ,” ಎಂದ ಭಗವಂತರಾಯ. “ಕಂಪನಿ ಬಣ್ಣ. ಅಂದಿನಿಂದ ಇಂದಿನ ತನಕ ಒಂದು ಕೈ ಬಿದ್ದಿಲ್ಲ.”

ಅಂಬ್ರಪ್ಪನ ವಸ್ತ್ರ ಅಲ್ಲೇ ನಿಂತಿತು.

ಡಾಕ್ಟರು ಬಲಬಾಗಿಲ ಅಂಚಿನ ಮೇಲೆ ಬೆರಳಾಡಿಸಿದರು. ಬಹಳ ಹೊತ್ತು ಆಡಿಸಿದರು. “ಇದನ್ನ ಮಾಡಕ್ಕಾಗಲ್ಲ,” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. “ಇದು ಆಗಬೇಕು, ವರ್ಷಗಟ್ಟಲೆ.”

“ನಮ್ಮಪ್ಪನ ಮೊಣಕೈರಿ,” ಎಂದ ಭಗವಂತರಾಯ. ಅವನ ದನಿ ನಿಜವಾಗಿಯೂ ಸ್ವಲ್ಪ ನಡುಗಿತು.

ಡಾಕ್ಟರು ಎಂಜಿನ್ನಿನ ಪಕ್ಕ ನಿಂತಿದ್ದ ಲಾಡ್ಲೇಸಾಬನ ಕಡೆ ತಿರುಗಿದರು. “ಮಿಸ್ತ್ರಿ, ನೀ ಹೇಳು. ಎಲ್ಲಾದರೂ ಒಂದು ಕೈ?”

ಲಾಡ್ಲೇಸಾಬ ನೆಲ ನೋಡುತ್ತಿದ್ದ. “ಇಲ್ರಿ. ಎಂಜಿನ್ ಅಷ್ಟ ನಾ ಬಿಚ್ಚೀನಿ. ಬಣ್ಣಕ್ಕ ಯಾರೂ ಕೈ ಹಚ್ಚಿಲ್ಲ.”

ಅವನ ಉಗುರುಗಳ ಸಂದಿಯಲ್ಲಿ ಯಾವಾಗಲೂ ಗ್ರೀಸಿನ ಕಪ್ಪು ಇರುತ್ತಿತ್ತು. ಆ ದಿನ ಬೆಳ್ಳಗಿತ್ತು. ಅಂಬ್ರಪ್ಪ ಆ ಉಗುರುಗಳನ್ನು ನೋಡಿದ, ಆಮೇಲೆ ಗೋಡೆಯನ್ನು ನೋಡಿದ. ಏಳು ತಿಂಗಳ ಮಾತುಗಳೆಲ್ಲ ಒಂದೊಂದಾಗಿ ಬೇರೆ ಅರ್ಥ ಹೊತ್ತು ಬಂದವು. ಹೊಸದು ಕಾಣಬಾರದು ಎಂದದ್ದು. ಮೊಣಕೈ. ಹೆಸರು ಈಗ ಬೇಡ ಎಂದದ್ದು. ಅವನು ಅಪ್ಪನ ನೆನಪೆಂದು ಮಾಡಿದ್ದನ್ನೆಲ್ಲ ಭಗವಂತರಾಯ ಮೊದಲ ದಿನದಿಂದಲೂ ಸುಳ್ಳಿನ ಸಾಕ್ಷಿಯೆಂದು ಮಾಡಿಸಿದ್ದ. ಮಜೂರಿಯಲ್ಲಿ ಮೋಸವಿರಲಿಲ್ಲ. ಅದಕ್ಕೆ ಜಗಳ ತೆಗೆಯಲೂ ಏನೂ ಉಳಿದಿರಲಿಲ್ಲ.

“ಇವನು?” ಡಾಕ್ಟರು ಕೇಳಿದರು.

“ಒರಸಾಕ ಇಟಗೊಂಡೀವ್ರಿ,” ಎಂದ ಭಗವಂತರಾಯ.

“ಎಷ್ಟು ದಿನದಿಂದ ಒರೆಸ್ತಿದ್ದೀಯಪ್ಪಾ ಈ ಗಾಡಿ?”

ಭಗವಂತರಾಯ ಅಂಬ್ರಪ್ಪನನ್ನು ನೋಡಿದ. ಲಾಡ್ಲೇಸಾಬನೂ ತಲೆ ಎತ್ತಿದ.

“ಏಳು ತಿಂಗಳಾತ್ರಿ,” ಎಂದ ಅಂಬ್ರಪ್ಪ.

“ಏಳು ವರ್ಷ ಅನ್ನಾಕ ತಿಂಗಳ ಅಂತಾನ,” ಭಗವಂತರಾಯ ನಕ್ಕ. “ಲೆಕ್ಕ ಬರಂಗಿಲ್ರಿ ಅವಗ.”

ಡಾಕ್ಟರೂ ನಕ್ಕರು. ಹೋಗುವ ಮೊದಲು ಅಂಬ್ರಪ್ಪನ ಭುಜ ತಟ್ಟಿ, “ಚೆನ್ನಾಗಿ ಇಟ್ಟಿದ್ದೀಯ,” ಎಂದರು.

ಅವತ್ತೇ ಮಧ್ಯಾಹ್ನ ಕಾರನ್ನು ಲಾರಿಗೆ ಏರಿಸಿ ತಾಡಪತ್ರಿ ಹೊದಿಸಿದರು. ಹಳದಿ ಡಬ್ಬಿ ಗೋಡೆಯ ಬುಡದಲ್ಲೇ ಇತ್ತು. ಅಂಬ್ರಪ್ಪ ಅದನ್ನು ಎತ್ತಿಕೊಂಡು ಮನೆಗೆ ಬಂದ. ಕರೆಮ್ಮ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ಬಣ್ಣ ತುಂಬಿದ್ದಂತೆಯೇ ಇತ್ತು, ಮೇಲೆ ಕೆನೆ ಕಟ್ಟಿತ್ತು. ಮುಚ್ಚಳವನ್ನು ಮತ್ತೆ ಒತ್ತಿ ಮುಚ್ಚಿದಳು. ಆ ಸಂಜೆ ಎಣ್ಣೆ ಬಿಸಿ ಮಾಡಿ ತಂದಾಗ ಅವನು ತೋಳು ಕೊಡಲಿಲ್ಲ.

ಆ ಬೇಸಿಗೆ ಕಾಲುವೆ ಬಂದ್ ಆಯಿತು. ನೀರಿಲ್ಲದ ಆ ಎರಡು ತಿಂಗಳಲ್ಲೇ ಗೇಟುಗಳಿಗೆ ಬಣ್ಣ ಹಚ್ಚುವುದು. ಅಂಬ್ರಪ್ಪ ಮೂರನೆಯ ನಂಬರಿನ ಗೇಟಿನ ಹಳೆಯ ಬಣ್ಣವನ್ನು ಕೆರೆದು ಜಂಗು ತೆಗೆದು, ಕೆಂಪು ಹಚ್ಚತೊಡಗಿದ್ದ. ಏರಿಯ ಮೇಲೆ ಸೈಕಲ್ಲು ನಿಂತಿತು. ಲಾಡ್ಲೇಸಾಬ ಕಾಗದದ ಪೊಟ್ಟಣವೊಂದನ್ನು ಹಿಡಿದು ಇಳಿದು ಬಂದ.

“ಸಾವ್ಕಾರ್ರು ಕೊಟ್ಟಾರ. ಅಂಗಿ ಅರಿವಿ.”

ಅಂಬ್ರಪ್ಪ ಪೊಟ್ಟಣ ಬಿಚ್ಚಿದ. ಬಿಳಿಯ, ಒಳ್ಳೆಯ ಬಟ್ಟೆ. ಹಲ್ಲಿನಿಂದ ಅಂಚು ಕಚ್ಚಿ ಪರ್ರನೆ ಹರಿದು, ಒಂದು ತುಂಡಿನಿಂದ ಬ್ರಷ್ಷಿನ ಕೆಂಪನ್ನು ಒರೆಸಿದ.

“ಚೊಲೊ ಆತು. ಒರಸಾವಗ ಅರಿವಿ ಬೇಕಲ್ಲ.”

“ಹಂಗ ಮಾತಾಡಬ್ಯಾಡ, ಅಂಬ್ರೂ. ರಸ್ತೆ ಬಾಜೂ ನನಗ ಜಾಗಾ ಕೊಡತೀನಂದ್ರು, ಗ್ಯಾರೇಜಿಗೆ. ನಾ ಎಷ್ಟು ವರ್ಷ ಬೇವಿನ ಗಿಡದ ಬುಡಕ ಎಂಜಿನ್ ಬಿಚ್ಚಲಿ?”

“ಕೊಟ್ರೇನು?”

“ಕೊಟ್ಟಾರ.” ಲಾಡ್ಲೇಸಾಬ ಕಾಲುವೆಯ ಬಿರಿದ ಕೆಸರನ್ನು ನೋಡಿದ. “ಬೋರ್ಡ್ ಬರೀಬೇಕು. ನಿನ್ನ ಬಿಟ್ಟು ಯಾರ ಕಡೆ ಹೋಗಲಿ?”

ಅಂಬ್ರಪ್ಪ ಬ್ರಷ್ಷನ್ನು ಕೆಂಪಿಗೆ ಅದ್ದಿ ಗೇಟಿನ ಮೇಲೆ ಒಂದು ಪಟ್ಟೆ ಎಳೆದ. ಇನ್ನೊಂದು ಎಳೆದ. ಗೇಟು ಕಡೆಯ ತನಕ ಕೆಂಪಾದ ಮೇಲೆ ತಿರುಗಿದ. ಅವನ ದನಿ ಏರಲಿಲ್ಲ.

“ಅಂವ ಸುಳ್ಳ ಹೇಳಿದ, ಅಂವಂದು ಕಾರು. ನೀ ಗೀಟು ಎಳದಾಂವ, ಲಾಡ್ಲೇ. ಹನ್ನೊಂದು ಕೈಯೂ ನೀನ ಎಣಿಸಿದ್ದಿ. ಆ ಗ್ವಾಡಿಗೆ ಸುಣ್ಣಾ ಹಚ್ಚೂ ಮುಂದ ನಿನ್ನ ಕೈ ಒಮ್ಮೆರೆ ತಡೀಲಿಲ್ಲೇನು?” ಎನ್ನುತ್ತಲೇ ಡಬ್ಬಿ ಎತ್ತಿಕೊಂಡು, ಸೈಕಲ್ಲನ್ನು ದಾಟಿ, ಏರಿಯ ಮೇಲೆ ನಾಲ್ಕನೆಯ ಗೇಟಿನ ಕಡೆಗೆ ನಡೆದ.