ಮರಳಿನ ಮೇಲೆ ಮೂರು ಸುತ್ತು

ನೇತ್ರಾವತಿ ಬೇಸಗೆಯಲ್ಲಿ ಒಂದು ಬದಿಗೆ ಸರಿದು, ಪಾಣೆಮಂಗಳೂರಿನ ಮಕ್ಕಳಿಗೆಲ್ಲ ದೊಡ್ಡ ಬಿಳಿ ಅಂಗಳವೊಂದನ್ನು ಬಿಟ್ಟುಕೊಡುತ್ತಿದ್ದ ಕಾಲ ಅದು. ಏಪ್ರಿಲ್ ಬಂತೆಂದರೆ ಸೇತುವೆಯ ಕೆಳಗೆ ಮರಳೇ ಮರಳು. ಶಾಲೆಗೆ ರಜೆ. ಸಂಜೆಯವರೆಗೂ ಫುಟ್‌ಬಾಲ್ ಆಡಿ, ಹೊಳೆಗೆ ಬಿದ್ದು ಹೊರಳಾಡಿ, ಒದ್ದೆ ಚಡ್ಡಿಯಲ್ಲೇ ಮನೆಗೆ ಓಡುತ್ತಿದ್ದೆವು. ಹಂಚಿನ ಕಾರ್ಖಾನೆಯ ಹೊಗೆ, ಯಾರದೋ ಅಂಗಳದಲ್ಲಿ ಸುಡುತ್ತಿದ್ದ ಗೇರುಬೀಜ, ಬಿಸಿಲಿಗೆ ಕಾದ ಮರಳು, ಇವು ಮೂರೂ ಸೇರಿದ ಒಂದು ವಾಸನೆಯುಂಟು. ಅರುವತ್ತರ ದಶಕದಲ್ಲಿ ಆ ದಡದಲ್ಲಿ ಬೆಳೆದವರಿಗೆ ಅದನ್ನು ವಿವರಿಸಬೇಕಾಗಿಲ್ಲ.

ಆ ವರ್ಷ ನಾನು ಎಂಟನೆಯ ತರಗತಿಯಲ್ಲಿ ಫೇಲಾಗಿದ್ದೆ. ಗಣಿತ ನನ್ನ ತಲೆಗೆ ಹತ್ತಿರಲಿಲ್ಲ. ಪುನಃ ಅದೇ ಕ್ಲಾಸಿನಲ್ಲಿ ಚಿಕ್ಕ ಹುಡುಗರ ಜೊತೆ ಕೂರುವುದಕ್ಕಿಂತ ಬೊಂಬಾಯಿಗೆ ಹೋಗುವುದೇ ವಾಸಿ ಎಂದು ತೀರ್ಮಾನಿಸಿಬಿಟ್ಟೆ. ಆಗ ನಮ್ಮ ಕಡೆಯ ಎಷ್ಟೋ ಹುಡುಗರು ಹಾಗೆಯೇ ಬಸ್ಸು ಹತ್ತಿ, ಅಲ್ಲಿನ ಹೋಟೆಲುಗಳಲ್ಲಿ ಲೋಟ ತೊಳೆಯಲು ಸೇರುತ್ತಿದ್ದರು. ನನ್ನ ಸೋದರಮಾವ ವಾಸುವೂ ಹಾಗೆ ಹೋಗಿ, ಬಂದರಿನ ಬಳಿಯ ಒಂದು ಕ್ಯಾಂಟೀನಿನಲ್ಲಿ ಮೇಲಕ್ಕೆ ಬಂದವರು. ಅವರು ರಜೆಯಲ್ಲಿ ಊರಿಗೆ ಬಂದಿದ್ದರು. ಹಿಂದೆ ಹೋಗುವಾಗ ನನ್ನನ್ನು ಕರೆದುಕೊಂಡು ಹೋಗುವುದೆಂದು ಮಾತಾಯಿತು. ಅಪ್ಪ ತಡೆಯಲಿಲ್ಲ. ಆದರೆ ಅಮ್ಮ ನನ್ನ ಅಂಗಿಗಳಿಗೆ ಗುಂಡಿ ಹಾಕುತ್ತಾ ಕೂತವರು ಸೂಜಿ ಹಿಡಿದುಕೊಂಡು ಸುಮ್ಮನೆ ಹೊರಗೆ ನೋಡುವುದನ್ನು ನಾನು ಕಂಡಿದ್ದೆ.

ವಾಸು ಮಾವನ ಟ್ರಂಕಿನಲ್ಲಿ ಒಂದು ಜೊತೆ ಬಾಕ್ಸಿಂಗ್ ಗ್ಲೌಸುಗಳಿದ್ದವು. ಕಂದು ಬಣ್ಣದ ಚರ್ಮ. ಬೆವರು ಮತ್ತು ಕರ್ಪೂರದ ವಾಸನೆ. ಬಂದರಿನ ಕೂಲಿಯಾಳುಗಳ ಒಂದು ಗರಡಿಯಲ್ಲಿ ಅವರು ಬಾಕ್ಸಿಂಗ್ ಕಲಿತಿದ್ದರಂತೆ. ಮರಳಿನ ಮೇಲೆ ನಮ್ಮನ್ನು ಸಾಲಾಗಿ ನಿಲ್ಲಿಸಿ, ಕಾಲು ಹೇಗಿಡಬೇಕು, ಗಲ್ಲವನ್ನು ಹೇಗೆ ಮುಚ್ಚಿಕೊಳ್ಳಬೇಕು ಎಂದು ಕಲಿಸತೊಡಗಿದರು. ಹಿಡಿದು ಬೀಳಿಸುವುದು ಮಾತ್ರ ಗೊತ್ತಿದ್ದ ನಮಗೆ, ನಿಂತು ನಿಯಮದಂತೆ ಹೊಡೆದಾಡಬಹುದೆಂಬುದೇ ದೊಡ್ಡ ಆಶ್ಚರ್ಯ. ಒಂದು ವಾರದಲ್ಲಿ ನಾನು ಎಲ್ಲರಿಗಿಂತ ಮುಂದಿದ್ದೆ. ನನ್ನ ತೋಳು ಗಟ್ಟಿ, ಎತ್ತರವೂ ಹೆಚ್ಚು. ಗಣಿತ ಬಾರದವನಿಗೆ ಕೊನೆಗೂ ಒಂದು ವಿಷಯ ಬಂತು.

ಫೆಲಿಕ್ಸ್ ನನ್ನ ಜೀವದ ಗೆಳೆಯ. ಪೇಟೆಯಲ್ಲಿ ಅವನ ಅಪ್ಪನಿಗೆ ಸಣ್ಣ ಬೇಕರಿಯಿತ್ತು. ಕಡ್ಡಿಯಂತಹ ಹುಡುಗ, ಕ್ಲಾಸಿಗೆ ಮೊದಲಿಗ. ಅವನಲ್ಲಿ ಊರಿಗೊಂದೇ ಆಗಿದ್ದ ಚರ್ಮದ ಫುಟ್‌ಬಾಲಿತ್ತು; ಹಡಗಿನಲ್ಲಿ ಕೆಲಸದಲ್ಲಿದ್ದ ಅವನ ಚಿಕ್ಕಪ್ಪ ತಂದುಕೊಟ್ಟದ್ದು. ನಮ್ಮೆಲ್ಲರ ಸಂಜೆಗಳು ಆ ಚೆಂಡಿನ ಮೇಲೆಯೇ ನಿಂತಿದ್ದವು.

ಒಂದು ದಿನ ಆಟ ಮುಗಿಸಿ ಕಾಲು ತೊಳೆಯುತ್ತಿದ್ದಾಗ ಫೆಲಿಕ್ಸ್ ಹತ್ತಿರ ಬಂದು ನಿಂತ. ನಮ್ಮ ಮಾತೆಲ್ಲ ತುಳುವಿನಲ್ಲಿ. ಅವನ ತುಳುವಿಗೆ ಸ್ವಲ್ಪ ಕೊಂಕಣಿಯ ರಾಗ.

"ಶೀನ, ಒಂದು ಪಂದ್ಯ ಕಟ್ಟುವ."

"ಎಂಥದ್ದು?"

"ಬಾಕ್ಸಿಂಗ್. ನಾನು ಮತ್ತು ನೀನು. ನೀನು ಗೆದ್ದರೆ ನನ್ನ ಚೆಂಡು ನಿನಗೆ. ಬೊಂಬಾಯಿಗೆ ತೆಗೆದುಕೊಂಡು ಹೋಗು."

ನಾನು ನಕ್ಕುಬಿಟ್ಟೆ. "ನೀನು ಗೆದ್ದರೆ?"

"ನೀನು ಬೊಂಬಾಯಿಗೆ ಹೋಗಲಿಕ್ಕಿಲ್ಲ. ಶಾಲೆಗೆ ಬರಬೇಕು."

ನನ್ನ ನಗು ನಿಂತಿತು. ಅವನು ತಮಾಷೆ ಮಾಡುತ್ತಿರಲಿಲ್ಲ. ಸುತ್ತ ನಿಂತಿದ್ದವರೆಲ್ಲ ಕೇಳಿಸಿಕೊಂಡಿದ್ದರು. ಹಿಂದೆ ಸರಿದರೆ ಕ್ಲಾಸಿನ ಪುಸ್ತಕದ ಹುಳುವಿಗೆ ಹೆದರಿದೆ ಎಂದಾಗುತ್ತದೆ. "ಆಗಲಿ" ಎಂದೆ.

ವಾಸು ಮಾವನಿಗೆ ಹೇಳಿದಾಗ ಅವರು ಇಬ್ಬರನ್ನೂ ಎದುರು ನಿಲ್ಲಿಸಿಕೊಂಡರು. "ಆಡುವುದಾದರೆ ಸರಿಯಾಗಿ ಆಡಬೇಕು. ಮಾತು ಕೊಟ್ಟ ಮೇಲೆ ಆಚೀಚೆ ಆಗಲಿಕ್ಕಿಲ್ಲ. ಒಪ್ಪಿಗೆಯಾ?" ಇಬ್ಬರೂ ತಲೆಯಾಡಿಸಿದೆವು.

ಗ್ಲೌಸು ಒಂದೇ ಜೊತೆ, ಆಡುವವರು ಇಬ್ಬರು. ಆದ್ದರಿಂದ ಒಬ್ಬೊಬ್ಬರ ಬಲಗೈಗೆ ಒಂದೊಂದು ಎಂದಾಯಿತು. ಎಡಗೈಯ ಗ್ಲೌಸು ಫೆಲಿಕ್ಸನ ಪಾಲಿಗೆ ಬಂದು, ಅದನ್ನು ಅವನು ಬಲಗೈಗೆ ತಿರುವಿ ತುರುಕಿಕೊಂಡ. ಇಬ್ಬರ ಎಡಗೈಗೂ ಬೂರುಗದ ಹತ್ತಿ ತುಂಬಿ ಮೈ ಒರೆಸುವ ಹಳೆಯ ಬೈರಾಸಿನಿಂದ ಬಿಗಿದು ಕಟ್ಟಿದರು. ಕೋಲು ನೆಟ್ಟು ಹಗ್ಗ ಸುತ್ತಿ ಅಖಾಡವಾಯಿತು. ಹುಡುಗರೆಲ್ಲ ಫೆಲಿಕ್ಸನ ಕಡೆ. ಚೆಂಡು ಹೋದರೆ ತಮ್ಮ ಆಟವೂ ಹೋಯಿತು ಎಂಬ ಚಿಂತೆ ಅವರದು. ನನ್ನ ಪರವಾಗಿ ಕೂಗುವವರು ಒಬ್ಬರೂ ಇರಲಿಲ್ಲ.

ಮೊದಲ ಸುತ್ತು ನನ್ನದೇ. ಫೆಲಿಕ್ಸ್ ಹಿಂದೆ ಹಿಂದೆ ಹೋದ, ನಾನು ಮುಂದೆ ನುಗ್ಗಿದೆ. ಒಂದು ಪೆಟ್ಟಿಗೆ ಅವನ ಮೂಗಿನಿಂದ ರಕ್ತ ಬಂತು. ಮಾವ ನಿಲ್ಲಿಸಿ ಕೇಳಿದರು, "ಸಾಕಾ?"

"ಇಲ್ಲ" ಎಂದ. ಹೊಳೆಯ ನೀರಿನಿಂದ ಮುಖ ತೊಳೆದುಕೊಂಡು ಬಂದು ಪುನಃ ನಿಂತ.

ಎರಡನೆಯ ಸುತ್ತಿನಲ್ಲಿ ಮರಳು ನನ್ನನ್ನು ತಿನ್ನತೊಡಗಿತು. ನುಗ್ಗಿದಷ್ಟೂ ಕಾಲು ಹೂತುಹೋಗುತ್ತಿತ್ತು. ಬೀಸಿದ ಕೈ ಗಾಳಿಗೆ ಹೋಗುತ್ತಿತ್ತು. ಫೆಲಿಕ್ಸ್ ಹೆಚ್ಚು ಅಲುಗಾಡುತ್ತಲೇ ಇರಲಿಲ್ಲ. ಗಲ್ಲ ಮುಚ್ಚಿಕೊಂಡು, ಮಾವ ಕಲಿಸಿದ ಹಾಗೆಯೇ, ನನ್ನ ಉಸಿರು ಮುಗಿಯುವುದನ್ನು ಕಾಯುತ್ತಿದ್ದ. ಆಮೇಲೆ ಹೊಟ್ಟೆಗೆ ಒಂದು ಬಿತ್ತು. ಕಡ್ಡಿ ಹುಡುಗನ ಪೆಟ್ಟಲ್ಲ ಅದು. ಪ್ರತಿದಿನ ಬೆಳಕು ಹರಿಯುವ ಮೊದಲೇ ಎದ್ದು ಅಪ್ಪನ ಜೊತೆ ಮರದ ಮರಿಗೆಯಲ್ಲಿ ಮೈದಾ ಹಿಟ್ಟು ನಾದುತ್ತಿದ್ದವನು ಅವನು. ಅವನ ಮುಂಗೈ ಎಂಥದ್ದೆಂದು ನಾನು ಯೋಚಿಸಿಯೇ ಇರಲಿಲ್ಲ.

ಮೂರನೆಯ ಸುತ್ತು ನನಗೆ ಪೂರ್ತಿ ನೆನಪಿಲ್ಲ. ಕಣ್ಣಿನ ಮೇಲೆ ಒಂದು ಬಿದ್ದದ್ದು ಗೊತ್ತು. ಸೇತುವೆ ವಾಲಿದಂತಾದದ್ದು ಗೊತ್ತು. ನಾನು ಮರಳಿನ ಮೇಲೆ ಕೂತಿದ್ದೆ. ಮಾವ ಎಣಿಸುತ್ತಿದ್ದರು. ಏಳಬೇಕೆಂದು ಕೈಯೂರಿದೆ, ಮೊಣಕಾಲು ಕೇಳಲಿಲ್ಲ. ಹತ್ತಾಯಿತು.

ನಾನು ಬೇಕೆಂದೇ ಸೋತೆ, ಒಳಗೊಳಗೆ ನನಗೂ ಊರು ಬಿಡಲು ಮನಸ್ಸಿರಲಿಲ್ಲ ಎಂದು ಆಮೇಲೆ ಹೇಳಿದವರುಂಟು. ಅದು ಸುಳ್ಳು. ಗೆಲ್ಲಲಿಕ್ಕೆ ನನ್ನ ಮೈಯಲ್ಲಿದ್ದದ್ದನ್ನೆಲ್ಲ ಹಾಕಿದ್ದೆ. ಫೆಲಿಕ್ಸನ ಗೆಲುವು ಅವನದೇ. ಅದನ್ನು ಕಡಿಮೆ ಮಾಡಲು ನಾನು ಯಾರಿಗೂ ಬಿಟ್ಟಿಲ್ಲ.

ಅವನು ಬಂದು ಪಕ್ಕದಲ್ಲಿ ಕೂತ. ಎರಡೂ ಕೈ ಕಟ್ಟಿದ್ದುದರಿಂದ ನನ್ನನ್ನು ಎಬ್ಬಿಸಲೂ ಆಗುತ್ತಿರಲಿಲ್ಲ.

"ನೋವು ಉಂಟಾ?"

"ಇಲ್ಲ."

"ನನಗೆ ಉಂಟು ಮಾರಾಯ" ಎಂದು ಊದಿದ ಮೂಗನ್ನು ತೋರಿಸಿದ. ನಗುವಾಗ ಇಬ್ಬರಿಗೂ ಮುಖ ನೋಯುತ್ತಿತ್ತು. ಆಮೇಲೆ, "ಗಣಿತ ನಾನು ಹೇಳಿಕೊಡ್ತೇನೆ. ಬೇಕರಿಗೆ ಬಾ" ಎಂದ.

ಮನೆಗೆ ಹೋದಾಗ ನನ್ನ ಒಂದು ಕಣ್ಣು ಮುಚ್ಚಿಹೋಗಿತ್ತು. ಅಮ್ಮ ಮುಖ ಹಿಡಿದು ನೋಡಿದರು. "ಯಾರು ಹೊಡೆದದ್ದು?"

"ಫೆಲಿಕ್ಸ್. ಪಂದ್ಯ. ನಾನು ಸೋತೆ. ಇನ್ನು ಬೊಂಬಾಯಿಗೆ ಹೋಗುವಂತಿಲ್ಲ."

ಅಮ್ಮ ಮಾವನ ಮುಖ ನೋಡಿದರು. ಮಾವ, "ಹೌದು ಅಕ್ಕ. ಕೊಟ್ಟ ಮಾತು. ನಾನು ಒಬ್ಬನೇ ಹೋಗ್ತೇನೆ" ಎಂದರು. ಅಮ್ಮ ಒಳಗೆ ಹೋಗಿ, ಅರಿಶಿನ ತೇಯ್ದು ತಂದು ಹಚ್ಚಿದರು. ಮರುದಿನ ಫೆಲಿಕ್ಸನನ್ನು ಊಟಕ್ಕೆ ಕರೆಸಿದರು. ಬಂಗುಡೆ ಮೀನಿನ ಸಾರು, ಕುಚ್ಚಲಕ್ಕಿ ಅನ್ನ. ದೊಡ್ಡ ತುಂಡು ಯಾವಾಗಲೂ ನನ್ನ ಬಟ್ಟಲಿಗೆ ಬೀಳುತ್ತಿದ್ದದ್ದು ಅಂದು ಅವನ ಬಟ್ಟಲಿಗೆ ಬಿತ್ತು. ಮಗನ ಕಣ್ಣು ಊದಿಸಿದವನಿಗೆ ಅಷ್ಟು ಪ್ರೀತಿಯಿಂದ ಬಡಿಸಿದ ತಾಯಿಯನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಮಳೆಗಾಲ ಹಿಡಿಯಿತು, ಶಾಲೆ ಶುರುವಾಯಿತು. ಚಿಕ್ಕವರ ನಡುವೆ ಕೂತೆ; ಅವಮಾನವಾಯಿತು; ಅಭ್ಯಾಸವೂ ಆಯಿತು. ಸಂಜೆ ಬೇಕರಿಯ ಹಲಗೆಯ ಮೇಲೆ ಹಿಟ್ಟು ಹರಡಿ ಫೆಲಿಕ್ಸ್ ಬೆರಳಿನಿಂದ ಲೆಕ್ಕ ಬರೆಯುತ್ತಿದ್ದ. ತಪ್ಪಿದರೆ ಅಂಗೈಯಿಂದ ಒರೆಸಿ ಮೊದಲಿನಿಂದ. ಬಿಸಿ ಬ್ರೆಡ್ಡಿನ ಘಮದ ನಡುವೆ ಬೀಜಗಣಿತ ನನ್ನ ತಲೆಗೆ ಇಳಿಯಿತು. ಆ ವರ್ಷ ಪಾಸಾದೆ. ಮುಂದೆ ಓವರ್‌ಸಿಯರ್ ಆಗಿ, ಬೆಳ್ತಂಗಡಿಯಿಂದ ಮೂಡುಬಿದಿರೆಯವರೆಗೆ ಎಷ್ಟೋ ಮೋರಿ, ಕಿರುಸೇತುವೆಗಳನ್ನು ಅಳೆದು ಕಟ್ಟಿಸಿದೆ.

ಈಗ ಆ ಮರಳಿಲ್ಲ. ಹೊರಬಹುದಾದಷ್ಟನ್ನು ಲಾರಿಗಳು ಹೊತ್ತೊಯ್ದವು, ಉಳಿದದ್ದರ ಮೇಲೆ ನೀರು ನಿಂತಿದೆ. ಬೇಕರಿಯಿದ್ದಲ್ಲಿ ಮೊಬೈಲ್ ಅಂಗಡಿ. ವಾಸು ಮಾವ, ಅಮ್ಮ, ಇಬ್ಬರೂ ಇಲ್ಲ. ನನಗೆ ಮರ್ಯಾದೆ ಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಏನು ಹೇಳಿದರೂ ಹೌದು ಎನ್ನುತ್ತಾರೆ. ದಾರಿ ತಪ್ಪುತ್ತಿದ್ದೀ ಎಂದು ತನ್ನ ಅತ್ಯಂತ ಪ್ರೀತಿಯ ವಸ್ತುವನ್ನು ಪಣಕ್ಕಿಟ್ಟು ಎದುರು ನಿಲ್ಲುವವನು ಇದ್ದದ್ದು ಒಬ್ಬನೇ.

ಹೋದ ಮಳೆಗಾಲದಲ್ಲಿ ಫೆಲಿಕ್ಸನನ್ನು ಇಗರ್ಜಿಯಲ್ಲಿ, ಚರ್ಚಿನ ಪಕ್ಕದಲ್ಲೇ, ಮಣ್ಣು ಮಾಡಿ ಬಂದೆವು. ಅವನ ಮನೆಯ ಅಂಗಳದಲ್ಲಿ ಕುರ್ಚಿ ಹಾಕಿ ಕೂತಿದ್ದಾಗ ಅವನ ಮೊಮ್ಮಗ ನನ್ನ ಬಳಿ ಬಂದು ಕೇಳಿದ.

"ಅಜ್ಜ ಬಾಕ್ಸಿಂಗ್ ಆಡ್ತಿದ್ದರಂತೆ, ಹೌದಾ?"

"ಹೌದು. ಒಂದೇ ಪಂದ್ಯ ಆಡಿದ್ದು."

"ಗೆದ್ದರಾ?"

"ಗೆದ್ದ" ಎಂದೆ. "ಬಿದ್ದವನು ನಾನು."