ಬಾಂಬರ್ ಬಾಗಿಲಲ್ಲಿ ಸಾಗೊ ಹಿಟ್ಟು

ಹಿಲ್ಡಾ ದಿನಾ ಬೆಳಿಗ್ಗೆ ಜೌಗಿನಲ್ಲಿ ಬಿದ್ದಿರುವ ಯುದ್ಧವಿಮಾನದ ಪಕ್ಕ ಹೋಗಿ ತಲೆ ತಗ್ಗಿಸಿ ಕೂರುತ್ತಾಳೆ ಎಂದು ಯಾರೋ ಹೇಳಿದಾಗ, ಸತ್ತ ಯಾವನೋ ಪೈಲಟ್‌ಗಾಗಿ ಮರುಗುತ್ತಾಳೆಂದೇ ನಾನು ತಿಳಿದಿದ್ದೆ. ಮೈಮೇಲೆ ಸೂತಕದ ಅಂಗಿ ಬೇರೆ ಇತ್ತು. ಆಮೇಲೆ ಗೊತ್ತಾದದ್ದಿಷ್ಟು: ಸೂತಕ ಗಂಡನದು, ತಲೆ ತಗ್ಗಿದ್ದು ಹಿಟ್ಟು ತೊಳೆಯುವುದಕ್ಕೆ.

ಸಾಗೊ ಮರದ ತಿರುಳನ್ನು ಹಿಸುಕಿ ತೊಳೆದರೆ ಹಾಲಿನಂಥ ನೀರು ಬರುತ್ತದೆ. ಅದನ್ನು ತೊಟ್ಟಿಯಲ್ಲಿ ನಿಲ್ಲಿಸಿದರೆ ಹಿಟ್ಟು ತಳಕ್ಕಿಳಿಯುತ್ತದೆ. ಪಪುವಾದ ಆ ಕಡೆಯ ಹೆಂಗಸರು ಇದಕ್ಕೆ ಹಳೆಯ ದೋಣಿ ಇಟ್ಟುಕೊಳ್ಳುತ್ತಾರೆ. ದೋಣಿ ಕೊಳೆಯುತ್ತದೆ, ಸೋರುತ್ತದೆ. ಹಿಲ್ಡಾಳ ತೊಟ್ಟಿ ಮಾತ್ರ ಸೋರಿದ್ದಿಲ್ಲ. ಬಾಂಬು ಬೀಳಿಸಲು ವಿಮಾನದ ಹೊಟ್ಟೆಯಲ್ಲಿದ್ದ ಬಾಗಿಲು ಅದು. ಅಂಚು ಬಡಿದು ಮೇಲಕ್ಕೆ ಬಗ್ಗಿಸಿ ತೊಟ್ಟಿ ಮಾಡಿಕೊಟ್ಟವನು ಅವಳ ಗಂಡ. ನೆರೆಮನೆಯ ದೋಣಿಗಳನ್ನು ಕಂಡಾಗಲೆಲ್ಲ ಅವಳು ಒಂದು ಮಾತು ಆಡದೆ ಬಿಟ್ಟವಳಲ್ಲ.

ಗಂಡ ಸತ್ತ ಮೇಲೆ ಹೆಂಡತಿ ಕಾಡುಬೀಜದ ಮಣಿ ಪೋಣಿಸಿ ಹೆಣೆದ ಅಂಗಿ ತೊಡಬೇಕು. ಊರಿಗೆಲ್ಲ ಊಟ ಹಾಕಿದ ದಿನವೇ ಅದನ್ನು ಬಿಚ್ಚುವುದು. ಆ ಸೆಕೆಯಲ್ಲಿ ಅದರೊಳಗೆ ಬೆವರು, ಬೊಕ್ಕೆ, ಇರುವೆ ಎಲ್ಲಕ್ಕೂ ಜಾಗವಿದೆ. ಊಟಕ್ಕೆ ಹಂದಿ ಕೊಬ್ಬಿತ್ತು, ಕೆಸುವಿನ ಗಡ್ಡೆ ಬಲಿತಿತ್ತು. ಸಾಗೊ ಮರವೊಂದೇ ಬಾಕಿ. ಅದನ್ನು ಕಡಿಯಬೇಕಾದವನು ಮೈದುನ ಎಂಬೊಗೊ. ಅವನ ಸೊಂಟನೋವು ಮಳೆಗಾಲ ಕಳೆದು, ಬೇಸಿಗೆ ಕಳೆದು, ಕೊನೆಗೊಂದು ದಿನ ವಾಸಿಯಾಯಿತು. ಮರ ಬಿತ್ತು, ತಿರುಳು ಕೆರೆದಾಯಿತು. ಕೆರೆದ ತಿರುಳು ಯಾರಿಗೂ ಕಾಯುವುದಿಲ್ಲ, ಹುಳಿಯಾಗುತ್ತದೆ.

ಅವತ್ತೇ ಹೆಲಿಕಾಪ್ಟರ್ ಬಂತು.

ಇಳಿದವರು ಮಿಸ್ಟರ್ ಪ್ರೆಂಟಿಸ್, ಮಹಾಯುದ್ಧದ ಹಳೆಯ ವಿಮಾನಗಳನ್ನು ಮ್ಯೂಸಿಯಮ್ಮಿಗೆ ಒಯ್ಯುವ ವಿದೇಶಿಗರು. ಹುಡುಗನಾಗಿದ್ದಾಗಿನಿಂದ ಈ ಒಂದು ವಿಮಾನದ ಕನಸು ಕಂಡವರು, ಮತ್ತು ಅದನ್ನು ಎದುರು ಸಿಕ್ಕವರಿಗೆಲ್ಲ ಹೇಳುವವರು. ವಿಮಾನ ಒಯ್ಯಲು ಊರ ಹಿರಿಯರು ಆಗಲೇ ಒಪ್ಪಿದ್ದರು. ತೊಟ್ಟಿಯ ಮಾತು ಯಾರೂ ಎತ್ತಿರಲಿಲ್ಲ. ಪ್ರೆಂಟಿಸ್ ಅದರ ಮುಂದೆ ಮೊಣಕಾಲೂರಿ ಕೂತು ಸವರಿದರು. ಬೆರಳಿಗೆ ಹತ್ತಿದ ಹಿಟ್ಟನ್ನು ಪ್ಯಾಂಟಿಗೆ ಒರೆಸಿಕೊಂಡರು. ಹಿಲ್ಡಾ ಅದನ್ನೇ ನೋಡುತ್ತಿದ್ದಳು.

"ಏನಂತೆ ಇವನದು?" ಎಂದು ಮೈದುನನನ್ನು ಕೇಳಿದಳು.

"ಇದು ಚರಿತ್ರೆ ಅಂತೆ ಅತ್ತಿಗೆ. ಇದಿಲ್ದೆ ವಿಮಾನ ಪೂರ್ತಿ ಆಗಲ್ವಂತೆ."

"ಅದಕ್ಕೆ ಬಾಲ ಮುರಿದಿದೆ, ಮೂತಿ ಕಿತ್ತೋಗಿದೆ. ನನ್ನ ತೊಟ್ಟಿ ಸಿಕ್ಕಿದ್ರೆ ಹಾರಿಬಿಡತ್ತಾ?"

"ಹಾರಿಸಕ್ಕಲ್ಲ, ನೋಡಕ್ಕೆ. ಮ್ಯೂಸಿಯಮ್ಮಲ್ಲಿ ಇಟ್ಟು ಕೆಳಗೆ ನಿನ್ನ ಹೆಸರು ಬರೀತಾರಂತೆ."

"ಹೆಸರಲ್ಲಿ ಹಿಟ್ಟು ಇಳಿಸಕ್ಕಾಗತ್ತೇನೋ? ತಿರುಳು ತೊಳೆದು ಮುಗೀಲಿ, ಆಮೇಲೆ ಹೊತ್ಕೊಂಡು ಹೋಗು ಅನ್ನು."

"ಹೆಲಿಕಾಪ್ಟರ್ ಕಾಯಲ್ವಂತೆ."

"ಇಷ್ಟು ವರ್ಷ ಕೆಸರಲ್ಲಿ ಬಿದ್ದಿತ್ತಲ್ಲ, ಆಗ ಯಾವನಿಗೂ ಅರ್ಜೆಂಟ್ ಇರಲಿಲ್ಲ."

ಎಂಬೊಗೊ ಅಡಿಕೆಯನ್ನೂ ಸುಣ್ಣವನ್ನೂ ಬಾಯಿಗೆ ಹಾಕಿಕೊಂಡ. ಬಾಯಿ ತುಂಬಿದವನನ್ನು ಪ್ರಶ್ನೆ ಕೇಳುವ ರೂಢಿ ಆ ಊರಲ್ಲಿಲ್ಲ.

ಪ್ರೆಂಟಿಸ್ ಕೆಟ್ಟವರಲ್ಲ. ತೊಟ್ಟಿಗೆ ಬದಲಾಗಿ ನೀಲಿ ಟಾರ್ಪಾಲು ಕೊಟ್ಟು, ಹಿಲ್ಡಾಳ ಕೈ ಹಿಡಿದು ಬಹಳ ಹೊತ್ತು ಕುಲುಕಿದರು. ಅವಳು ಟಾರ್ಪಾಲನ್ನು ಗೂಟಗಳಿಗೆ ಕಟ್ಟಿ ದಿನವಿಡೀ ತೊಳೆದಳು. ಅದರಲ್ಲಿ ಕೊಕ್ಕೆ ಸಿಕ್ಕಿ ಆಗಿದ್ದ ತೂತೊಂದಿತ್ತು. ಅದು ಕಣ್ಣಿಗೆ ಬೀಳುವ ಹೊತ್ತಿಗೆ ಹಿಟ್ಟೆಲ್ಲ ಬೆಳ್ಳಗೆ ಜೌಗಿಗೆ ಹರಿದಿತ್ತು. ಮೀನುಗಳಿಗೆ ಹಬ್ಬ. ಇನ್ನೂ ಅರ್ಧ ತಿರುಳು ಉಳಿದಿತ್ತು. ಹಿಲ್ಡಾ ಪಕ್ಕದ ಮನೆಯ ಆವೀಸ್ ಹತ್ತಿರ ದೋಣಿ ಕೇಳಲು ಹೋದಳು.

"ಬಾರಮ್ಮ ಬಾಗಿಲ ರಾಣಿ," ಎಂದಳು ಆವೀಸ್. "ನಮ್ಮದು ಸೋರೋ ದೋಣಿ ಕಣಮ್ಮ. ನೀನೇ ಹೇಳಿದ್ದೆ."

"ಹೇಳಿದ್ದೆ. ಸೋರತ್ತೆ. ಕೊಡು."

"ಕೊಡ್ತೀನಿ, ನಮ್ಮದು ಮುಗೀಲಿ."

ಅವರದು ಮುಗಿಯುವಷ್ಟರಲ್ಲಿ ಇವಳ ತಿರುಳು ನಾಯಿಯೂ ಮೂಸದಷ್ಟು ಹುಳಿಯಾಗಿತ್ತು. ಹಿಲ್ಡಾ ಅದನ್ನು ಕಾಲಲ್ಲಿ ತಳ್ಳಿ ನೀರಿಗೆ ಹಾಕಿದಳು. "ಇನ್ನೊಂದು ಮರ ಕಡೀತೀನಿ ಬಿಡು ಅತ್ತಿಗೆ," ಎಂದ ಎಂಬೊಗೊ, ಸೊಂಟ ಹಿಡಿದುಕೊಳ್ಳುತ್ತ. ಊಟ ಮುಂದಕ್ಕೆ ಹೋಯಿತು. ಅಂಗಿ ಮೈಮೇಲೇ ಉಳಿಯಿತು.

ವಿಮಾನವೇನೂ ಸಲೀಸಾಗಿ ಏಳಲಿಲ್ಲ. ಮೊದಲ ಸಲ ಪ್ರೆಂಟಿಸ್ ಗಂಟಲು ಕಟ್ಟಿ ಭಾಷಣ ಮಾಡಿದರು, ಹೆಲಿಕಾಪ್ಟರಿನಿಂದ ಇಳಿಬಿಟ್ಟ ಹಗ್ಗ ಹರಿಯಿತು, ವಿಮಾನ ತನ್ನ ಕೆಸರಲ್ಲೇ ಪುನಃ ಕೂತಿತು. ರೆಕ್ಕೆ ಬಿಚ್ಚಿ ಎರಡನೆಯ ಸಲ ಎತ್ತಿದಾಗ ಅದೇ ಭಾಷಣ ಅದೇ ಜಾಗಗಳಲ್ಲಿ ಗಂಟಲು ಕಟ್ಟುತ್ತ ಮತ್ತೊಮ್ಮೆ ಆಯಿತು. ರಾಜಧಾನಿಯಿಂದ ಬಂದಿದ್ದ ಪತ್ರಕರ್ತನಿಗೆ ಅಷ್ಟು ಸಾಲಲಿಲ್ಲ. ಅವನಿಗೆ ಊರ ಭಾಷೆ ಬರುತ್ತಿತ್ತು. ಅವನ ಕಣ್ಣು, ಸೂತಕದ ಅಂಗಿ ತೊಟ್ಟು ದಡದಲ್ಲಿ ಒಂಟಿಯಾಗಿ ನಿಂತು ಆಕಾಶ ನೋಡುತ್ತಿದ್ದ ಹೆಂಗಸಿನ ಮೇಲೆ ಬಿತ್ತು. ಅವಳು ನೋಡುತ್ತಿದ್ದದ್ದು ವಿಮಾನದ ಕೆಳಗೆ ಬಲೆಯಲ್ಲಿ ತೂಗಾಡುತ್ತಿದ್ದ ತೊಟ್ಟಿಯನ್ನು.

ಪತ್ರಕರ್ತ ದನಿ ತಗ್ಗಿಸಿ ಹತ್ತಿರ ಹೋದ. "ಇಷ್ಟು ವರ್ಷ ನಿಮ್ಮ ಜೊತೆಗಿದ್ದ ವಿಮಾನ ಹೊರಟುಹೋಗ್ತಿದೆ. ಈ ಗಳಿಗೇಲಿ ನಿಮಗೆ ಏನಾಗ್ತಿದೆಯಮ್ಮ?"

ಹಿಲ್ಡಾ ಅಂಗಿಯೊಳಗೆ ಕೈ ತೂರಿಸಿ ಬೆನ್ನಿಗೆ ಎಟುಕಿಸಲು ನೋಡುತ್ತಿದ್ದಳು.

"ತುರಿಕೆ," ಎಂದಳು.