ನೋರಾ ಆಂಟಿಯ ಹಿರಿಯರ ಸಾಲು

ನೋರಾ ಆಂಟಿ ಸತ್ತವರನ್ನು ಗದರಿಸುತ್ತಿದ್ದರು. ಡಚ್ಚರ ಊರಾದ ಹಾರ್ಲೆಮ್‌ನಲ್ಲಿ ಅವರ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಬೆಳಿಗ್ಗೆ ಆಫೀಸಿಗೆಂದು ಇಳಿದರೆ ಕೆಳಗೆ ಯಾರಿಗೋ ಮಂಗಳಾರತಿ ನಡೆದಿರುತ್ತಿತ್ತು. "ಕಾಲುನೋವು ಅಂತ ಬಾಯ್ಬಿಟ್ಟು ಹೇಳಿದ್ರೂ ಸುಮ್ನೆ ನೋಡ್ತಾ ಕೂತಿದ್ದೀಯಲ್ಲ, ಅಜ್ಜಿ!" ಎಂದು ಫೋಟೋಗೆ ಬೈದು, ಅದರ ಮುಂದೆಯೇ ಮೇಣದಬತ್ತಿ ಹಚ್ಚುವರು.

ಐರ್ಲೆಂಡಿನವರು. ಚರ್ಚು ಬಿಟ್ಟು ತಮ್ಮ ನಾಡಿನ ಹಳೆಯ ದೇವತೆಗಳ ಕಡೆ ಹೊರಳಿದ್ದರು. ಡ್ರಾಯರ್ ಪೆಟ್ಟಿಗೆಯ ಮೇಲೆ ಬ್ರಿಜಿಡ್ ದೇವಿಯ ಜೊಂಡುಹುಲ್ಲಿನ ಚಿಹ್ನೆ, ಊರಿನ ಬಾವಿಯ ನೀರು ತುಂಬಿದ ಬಾಟಲಿ, ಅವುಗಳ ಹಿಂದೆ, ತೀರಿಹೋದವರ ಫೋಟೋಗಳ ಸಾಲು. "ಅರ್ಧ ಓದಿ ಕಲ್ತಿದ್ದು, ಮಿಕ್ಕಿದ್ದೆಲ್ಲ ನಂದೇ ತಲೆಹರಟೆ" ಎಂದು ನಗುತ್ತಿದ್ದರು. ನನ್ನ ಅಪ್ಪ ತೀರಿಕೊಂಡಾಗ, ನಾನು ಕೇಳದೆಯೇ ಜಾಗ ಮಾಡಿದರು. "ನಿಮ್ಮಪ್ಪನ್ನೂ ಇಲ್ಲೇ ಕೂರಿಸು. ನಮ್ಮಜ್ಜಿ ಜೊತೆ ಜಗಳ ಆಡ್ಕೊಂಡಿರ್ಲಿ." ಅವತ್ತು ನನಗೆ ಅಳು ತಡೆಯಲಾಗಲಿಲ್ಲ.

ಆಂಟಿಯ ಮಗಳು ಊನಾಳ ಫೋಟೋ ಮಾತ್ರ ಆ ಸಾಲಿನಲ್ಲಿರಲಿಲ್ಲ; ಬೀದಿ ಕಡೆಯ ಕಿಟಕಿಯಲ್ಲಿತ್ತು. ಸಮುದ್ರಕ್ಕೆ ಈಜಲು ಹೋದವಳು. ಸೈಕಲ್ಲೂ ಟವೆಲ್ಲೂ ಸಿಕ್ಕವು, ಅವಳು ಸಿಗಲಿಲ್ಲ. ಬಾಗಿಲಿನ ಅಂಚೆಕಿಂಡಿ ಗಾಳಿಗೆ ಪಟಕ್ ಎಂದರೂ ಅವಳೇ ಬಂದಳೆಂದು ಆಂಟಿ ಎದ್ದುಬಿಡುತ್ತಿದ್ದರು.

ಅಕ್ಟೋಬರ್ ಕೊನೆಗೆ ಅವರ ಹಿರಿಯರ ಹಬ್ಬ. ಒಂದು ವರ್ಷ ಆ ಹೊತ್ತಿಗೆ ಮೈಸೂರಿನಿಂದ ಅಮ್ಮ ಬಂದಿದ್ದಳು. ಫೋಟೋಗಳ ಮುಂದೆ ಬೆಣ್ಣೆ, ಬ್ರೆಡ್ಡು ಇಟ್ಟಿದ್ದು ನೋಡಿ ಅವಳಿಗೆ ಹಿಗ್ಗೋ ಹಿಗ್ಗು. "ಅಯ್ಯೋ, ಇವ್ರೂ ನಮ್ಮ ಥರಾನೇ ಎಡೆ ಇಡ್ತಾರೆ ಕಣೇ!" ಆಂಟಿ ಅಡುಗೆಮನೆಯಲ್ಲಿದ್ದಾಗ ಕಿಟಕಿಯ ಫೋಟೋ ಕಣ್ಣಿಗೆ ಬಿತ್ತು. "ಪಾಪ, ಈ ಮಗೂಗೆ ಮಾತ್ರ ಎಡೆ ಇಲ್ವಲ್ಲೇ" ಎಂದವಳೇ, ನಾನು ಬಾಯಿ ತೆರೆಯುವಷ್ಟರಲ್ಲಿ ಅದನ್ನೆತ್ತಿ ಅಜ್ಜಿಯ ಪಕ್ಕ ನಿಲ್ಲಿಸಿ, ಕುಂಕುಮವಿಟ್ಟು ಕೈಮುಗಿದಳು.

ಟೀ ತಂದ ಆಂಟಿ ನಿಂತಲ್ಲೇ ನಿಂತರು. ಕೂಗಾಡಲಿಲ್ಲ. ಸ್ವೆಟರಿನ ತೋಳಿನಿಂದ ಕುಂಕುಮ ಒರೆಸಿ, ಫೋಟೋವನ್ನು ಎದೆಗವಚಿಕೊಂಡರು. "ಇವಳನ್ನ ಅವರ ಜೊತೆ ನಿಲ್ಲಿಸ್ಬೇಡಿ. ತೀರಿಹೋಗಿದ್ದಾಳೆ ಅಂತ ಯಾರೂ ನಂಗೆ ಹೇಳಿಲ್ಲ." ನಾನು ವಿಷಯ ತಿಳಿಸಿದಾಗ ಅಮ್ಮ ಕೆನ್ನೆ ಬಡಿದುಕೊಂಡಳು. "ಎಂಥಾ ಪಾಪದ ಕೆಲಸ ಮಾಡ್ಬಿಟ್ನೇ!" ಬದುಕಿರುವವರ ಫೋಟೋವನ್ನು ನಮ್ಮಲ್ಲಾದರೂ ಹಿರಿಯರ ಜೊತೆ ಇಡುತ್ತಾರೆಯೇ? ಒಬ್ಬರ ಭಾಷೆ ಒಬ್ಬರಿಗೆ ಬಾರದ ಇಬ್ಬರೂ ಕೈಹಿಡಿದು ಕೂತು ಅತ್ತರು.

ಕಳೆದ ಚಳಿಗಾಲ ಆಸ್ಪತ್ರೆಯಲ್ಲಿ ಆಂಟಿಯನ್ನು ಕೊನೆಯ ಸಲ ಕಂಡೆ. "ನನ್ನ ಫೋಟೋನ ಸಾಲಿಗೆ ಸೇರಿಸು" ಎಂದರು. ನನ್ನ ಕೈ ಅದುಮಿ, "ಅಲ್ಲಿ ಅವಳು ಸಿಕ್ಕಿದ್ರೆ ನಿಂಗೆ ಹೇಗೆ ತಿಳಿಸ್ಲಿ?" ಎಂದು ಕೇಳಿದರು. ನಾನು ಅವರ ತಲೆ ಸವರಿದೆ.

ಆ ಸಾಲು ಈಗ ನನ್ನ ಹೊಸ ಬಾಡಿಗೆ ಮನೆಯಲ್ಲಿದೆ; ಊನಾಳ ಫೋಟೋ ಇಲ್ಲೂ ಕಿಟಕಿಯಲ್ಲೇ ಇದೆ. ಈ ಸಲದ ಹಬ್ಬಕ್ಕೆ ಆಂಟಿಗೂ ಎಡೆಯಿಟ್ಟು ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಕೈಮುಗಿದು, "ಕಿಟಕಿ ತೋರ್ಸು" ಎಂದಳು. ತೋರಿಸಿದೆ. ಅಮ್ಮ ಬಹಳ ಹೊತ್ತು ಆ ಹುಡುಗಿಯ ಮುಖವನ್ನೇ ನೋಡಿದಳು.

"ಅಲ್ಲೇ ಇರ್ಲಿ ಕಣೇ. ಅವರಮ್ಮ ಬಂದು ಹೇಳೋವರ್ಗೂ ಮುಟ್ಬೇಡ."